ಸೇಡಂನಿಂದ ಅಮೆರಿಕಕ್ಕೆ ಉತ್ತರದ ಹಾದಿ!

ಸ್ಯಾನ್ ಫ್ರಾನ್ಸಿಸ್ಕೊ ಯಾವ ದಿಕ್ಕಿಗಿದೆ ಎಂದು ಕಲಬುರಗಿ ಜಿಲ್ಲೆಯ ಸೇಡಂನಲ್ಲಿ ನಿಂತು ಕೇಳಿ ನೋಡಿ. ಒಬ್ಬರ ಕೈ ಪೂರ್ವಕ್ಕೆ ಏಳುತ್ತದೆ, ಇನ್ನೊಬ್ಬರದು ಪಶ್ಚಿಮಕ್ಕೆ. ಈಗ ಶಾಲೆಯ ಗೋಳ ತಂದು ಎರಡೂ ಊರುಗಳ ನಡುವೆ ದಾರ ಬಿಗಿಯಿರಿ. ಅಬ್ಬಾ! ದಾರ ಉತ್ತರಕ್ಕೆ ಮುಖಮಾಡಿ, ತುಸುವೇ ಪೂರ್ವಕ್ಕೆ ವಾಲಿ, ಚಿಂಚೋಳಿಯ ಪಕ್ಕದಲ್ಲೇ ಹಾದು ಹೋಗುತ್ತದೆ!

ಮುಂದೆಲ್ಲಿಗೆ? ಉತ್ತರ ಪ್ರದೇಶ, ನೇಪಾಳ, ಹಿಮಾಲಯ, ಟಿಬೆಟ್, ಸೈಬೀರಿಯಾ. ಆಮೇಲೆ ಹೆಪ್ಪುಗಟ್ಟಿದ ಆರ್ಕ್‌ಟಿಕ್ ಸಾಗರ! ಅಲ್ಲಿಂದ ಅಲಾಸ್ಕಾ ದಾಟಿ ದಕ್ಷಿಣಕ್ಕೆ ಇಳಿದರೆ ಸ್ಯಾನ್ ಫ್ರಾನ್ಸಿಸ್ಕೊ. ಒಟ್ಟು ಸುಮಾರು 13,600 ಕಿ.ಮೀ. ಗೋಡೆಯ ನಕ್ಷೆಯಲ್ಲಿ ಅಡಿಪಟ್ಟಿ ಇಟ್ಟು ಎಳೆದ ಗೆರೆಯನ್ನೇ ನಂಬಿ ಪೂರ್ವಕ್ಕೆ ಹಾರಿದ್ದರೆ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ಸುತ್ತು. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೂ ಅದು ಎರಡು ಗಂಟೆಗೆ ಮೀರಿದ ದಂಡ! ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡಿದಾಗ ನೆಟ್ಟಗಿರುವುದು ಬಾಗುತ್ತದೆ, ಬಾಗಿದ್ದು ನೆಟ್ಟಗೆ ಕಾಣುತ್ತದೆ.

ಇದು ಬರೀ ದಾರದ ಆಟವೆಂದುಕೊಳ್ಳಬೇಡಿ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಮೇಲೇರಿದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು, 11ರ ನಸುಕಿನಲ್ಲಿ ನಮ್ಮ ಬೆಂಗಳೂರಿಗೆ ಇಳಿಯಿತು. ಸುಮಾರು 17 ಗಂಟೆಗಳ ಹಾರಾಟ! ಅದನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಮೂವರು ಸಂಗಾತಿಗಳು, ನಾಲ್ವರೂ ಮಹಿಳೆಯರು. ಗಾಳಿಯ ಸೆಳೆತ, ತುರ್ತಿಗೆ ಇಳಿಯಲು ನಿಲ್ದಾಣ, ದೇಶಗಳ ಅನುಮತಿ ಎಲ್ಲವನ್ನೂ ತೂಗಿ ಪೈಲಟ್‌ಗಳು ದಾರಿ ಆರಿಸುತ್ತಾರೆ. ಹಾಗಾಗಿ ಅದು ದಾರದ ಗೆರೆಯಿಂದ ಅತ್ತಿತ್ತ ಸರಿಯುತ್ತದೆ.

ದೂರ ಕುಗ್ಗುವ ಸೋಜಿಗ ಈ ಸೀಮೆಗೆ ಹೊಸದೇನಲ್ಲ. 1874ರಲ್ಲೇ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ಚಿತ್ತಾಪುರ, ಸೇಡಂ ಎರಡೂ ಅದೇ ಹಳಿಯ ಮೇಲಿವೆ. ವಾಡಿಯಲ್ಲಿ ರೈಲು ಹಿಡಿದು ಬೆಂಗಳೂರು ಸೇರಲು ಇಡೀ ರಾತ್ರಿ ಬೇಕು. 2019ರ ನವೆಂಬರ್ 22ರಂದು ಸೇಡಂ ರಸ್ತೆಯ ಕಡೆಗಿರುವ ಕಲಬುರಗಿ ವಿಮಾನ ನಿಲ್ದಾಣ ಆರಂಭವಾದಾಗ ಆ ರಾತ್ರಿ ಒಂದು ಗಂಟೆ ಚಿಲ್ಲರೆಗೆ ಕುಗ್ಗಿತು! ಕಲಬುರಗಿ, ಬೆಂಗಳೂರು ವಿಮಾನ ನಿಲ್ದಾಣಗಳ ನಡುವೆ ಆಕಾಶದ ನೇರ ಅಂತರ ಸುಮಾರು 460 ಕಿ.ಮೀ. ಮಾತ್ರ.

ಇನ್ನೊಂದು ದಾರ ಎಳೆಯಿರಿ, ಶಹಾಬಾದಿನಿಂದ ನ್ಯೂಯಾರ್ಕಿಗೆ. ಅದೂ ಉತ್ತರಕ್ಕೇ ಹೊರಡುತ್ತದೆ, ಈ ಸಲ ಪಶ್ಚಿಮಕ್ಕೆ ವಾಲಿ! ಅಮೆರಿಕದ ಎರಡು ತೀರಗಳಿಗೂ ನಮ್ಮೂರಿನಿಂದ ಉತ್ತರದ ಹಾದಿಯೇ ಹತ್ತಿರ. ಮಕ್ಕಳ ಕೈಗೆ ನಕ್ಷೆಯ ಜೊತೆಗೆ ಒಂದು ಗೋಳವನ್ನೂ ದಾರವನ್ನೂ ಕೊಡಿ; ಭೂಮಿ ದುಂಡಗಿದೆ ಎಂದು ಬಾಯಿಪಾಠ ಮಾಡಿದ್ದನ್ನು ಅವರೇ ಅಳೆದು ನೋಡಲಿ!