ಮಾಳಿಗೆಯ ಸವಳು, ಲಾವಣಿಯ ಹೊಲ

“ನಮ್ಮಜ್ಜಿ ಊರಾಗ ಇದನ್ನ ಚಕ್ಕಡಿ ಕಟ್ಟಿ ತರ್ತಿದ್ರು ರೀ ಸರ, ಮಾಳಿಗಿಗೆ ಹಾಕಾಕ. ಇಲ್ಲಿ ಹೊಲದಾಗ ತಾನ ಎದ್ದು ಕುಂತೈತಿ.”

ಕಾರಟಗಿ ಹತ್ತಿರದ ಗದ್ದೆಯಲ್ಲಿ ಬೆಳ್ಳಗೆ ಒಡೆದ ಮಣ್ಣನ್ನು ಅಂಗೈಯಲ್ಲಿ ಪುಡಿ ಮಾಡುತ್ತ ಇಪ್ಪತ್ತಾರರ ಆ ಹುಡುಗ ಹೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. ಅವನ ಅಜ್ಜಿ ಊರು ಕುಷ್ಟಗಿ ಕಡೆ. ಆ ಸೀಮೆಯ ಮಣ್ಣಿನ ಮಾಳಿಗೆಯ ಮೇಲ್ಮುದ್ದೆ ಮನೆಗಳಿಗೆ ಮುಂಗಾರಿಗೆ ಮುಂಚೆ ಸವಳು ಹರಡುತ್ತಾರೆ. ಸೋಡಿಯಂ ಹೆಚ್ಚಿರುವ ಈ ಮಣ್ಣು ನೆನೆದರೆ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚುತ್ತವೆ, ನೀರು ಒಳಗಿಳಿಯುವುದಿಲ್ಲ. ಮಾಳಿಗೆಗೆ ಇದಕ್ಕಿಂತ ಒಳ್ಳೆಯ ಹೊದಿಕೆ ನಾನು ಕಂಡಿಲ್ಲ. ಆದರೆ ಅದೇ ಗುಣ ಹೊಲದಲ್ಲಿ ಬೇರಿನ ಉಸಿರು ಕಟ್ಟಿಸುತ್ತದೆ.

ಇಲ್ಲಿನ ಹೊಲಗಳಿಗೆ ಸವಳು ಏರಿದ್ದು ಕಾಲುವೆ ನೀರಿನ ಬೆನ್ನಿಗೆ. 1953ರಲ್ಲಿ ತುಂಗಭದ್ರೆಯ ನೀರು ಬಂತು. ಯೋಜನೆಯಲ್ಲಿದ್ದದ್ದು ಬಹುಪಾಲು ಅರೆ ನೀರಾವರಿ ಬೆಳೆ. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಬೆಳೆದದ್ದು ಭತ್ತ. ಬಸಿಗಾಲುವೆಯಿಲ್ಲದ ಕಡೆ ಅಂತರ್ಜಲ ಮೇಲೆದ್ದು ಉಪ್ಪನ್ನೂ ಎಬ್ಬಿಸಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ತಾಳುವ ‘ಗಂಗಾವತಿ ಸೋನಾ’ ಭತ್ತದ ತಳಿ ಕೊಟ್ಟಿದೆ. ನಿಜವಾದ ಮದ್ದು ಮಾತ್ರ ಜಿಪ್ಸಂ, ಹಸಿರೆಲೆ ಗೊಬ್ಬರದ ಡಯಂಚ, ಬಸಿಗಾಲುವೆ. ಅದಕ್ಕೆ ವರ್ಷಗಳೇ ಬೇಕು.

ಇದೆಲ್ಲ ಆ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತು. “ಹೊಲ ನಂದಲ್ರಿ, ಲಾವಣಿ. ನಾ ಡಯಂಚ ಬಿತ್ತಿ ಹೊಲ ಹದ ಮಾಡ್ತೀನಿ, ಬರೋ ವರ್ಷ ಧಣಿ ಬ್ಯಾರೆಯವ್ರಿಗೆ ಕೊಟ್ರ?”

ಯಲಬುರ್ಗಾದ ಎರೆ ಹೊಲ, ಕುಷ್ಟಗಿಯ ಮಸಾರಿಗಳಲ್ಲಿ ಸ್ವಂತ ಜಮೀನಿರುವ ಹುಡುಗರು ಬದು ಹಾಕಿಸಿ ಕೃಷಿ ಹೊಂಡ ತೋಡಿಸಿದ್ದನ್ನೂ ಕಂಡಿದ್ದೇನೆ. ಹೊಂಡ ಅವರದ್ದೇ, ನೀರೂ ಅವರದ್ದೇ. ಇಂದಿನ ಹುಡುಗರಿಗೆ ಮಣ್ಣಿನ ಮೇಲೆ ಪ್ರೀತಿಯಿಲ್ಲ ಎಂದು ವಿಚಾರ ಸಂಕಿರಣಗಳಲ್ಲಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಒಂದು ವರ್ಷದ ಬಾಯಿಮಾತಿನ ಲಾವಣಿಯಲ್ಲಿ, ಅಂದರೆ ಗೇಣಿಯಲ್ಲಿ, ಐದು ವರ್ಷದ ಪ್ರೀತಿ ಹುಟ್ಟುವುದಾದರೂ ಹೇಗೆ?

ಬರೆದು ಕೊಟ್ಟರೆ ಹೊಲವೇ ಕೈತಪ್ಪೀತೆಂಬ ಧಣಿಯ ಭಯಕ್ಕೂ ಕಾರಣವಿದೆ. 1974ರ ಭೂಸುಧಾರಣೆಯ ನಂತರ ರಾಜ್ಯದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದು, ಕೆಲವು ವಿನಾಯಿತಿ ಬಿಟ್ಟರೆ, ನಿಷಿದ್ಧ. ಹೀಗಾಗಿ ಕಾಗದವಿಲ್ಲ, ಉಳುವವನಿಗೆ ಭರವಸೆಯೂ ಇಲ್ಲ. ಧಣಿಯ ಒಡೆತನಕ್ಕೆ ಧಕ್ಕೆಯಾಗದಂತೆ ಗುತ್ತಿಗೆಯನ್ನು ಬರಹಕ್ಕೆ ತರುವ ಮಾದರಿ ಕಾಯ್ದೆಯನ್ನು ನೀತಿ ಆಯೋಗ 2016ರಲ್ಲೇ ರಾಜ್ಯಗಳ ಮುಂದಿಟ್ಟಿದೆ. ಕೊಪ್ಪಳ ಜಿಲ್ಲೆಯ ಶಾಸಕರು ಅದನ್ನು ಸದನದಲ್ಲಿ ಎತ್ತಲಿ, ಐದು ವರ್ಷದ ಲಾವಣಿ ಪತ್ರಕ್ಕೆ ದಾರಿ ಮಾಡಿಕೊಡಲಿ.