ದಾರಿಯ ಸುಖ, ದಾರಿಯ ಹೊಣೆ
ಸ್ವಂತ ಗಾಡಿಯಲ್ಲಿ ನಮ್ಮ ನಾಡು ನೋಡುವ ಬಗೆ

ಮುಂಜಾನೆ ಐದು ಗಂಟೆ. ಮೆಕ್ಕೆಜೋಳದ ಚೀಲಗಳನ್ನು ರಾತ್ರಿಯೇ ಟ್ರೇಲರಿಗೆ ಹೇರಿ ಹಗ್ಗ ಬಿಗಿದಿದ್ದೀರಿ. ಒಂದು ಲೋಟ ಚಹಾ ಕುಡಿದು ಟ್ರ್ಯಾಕ್ಟರ್ ಏರುತ್ತೀರಿ. ಊರ ಮುಂದಿನ ಅರಳಿಕಟ್ಟೆ ದಾಟುವ ಹೊತ್ತಿಗೆ ಮೂಡಣ ಕೆಂಪಾಗುತ್ತದೆ. ಹೊರಟಿರುವುದು ಮಂಡಿಗೆ. ಆದರೆ ಕಣ್ಣು ಸುಮ್ಮನಿರುತ್ತದೆಯೇ? ಪಕ್ಕದವರ ತೊಗರಿ ಹೂ ಕಚ್ಚಿದೆಯೇ, ಕೆರೆಯ ನೀರು ತೂಬಿನಿಂದ ಎಷ್ಟು ಕೆಳಗಿಳಿದಿದೆ, ಯಾರ ಹೊಲದಲ್ಲಿ ಕಳೆ ಮೇಲೆದ್ದಿದೆ, ಎಲ್ಲವನ್ನೂ ಅದು ಓದಿಬಿಡುತ್ತದೆ.

ರೈತ ಬಾಂಧವರೇ, ಇದೊಂದು ಸುಖ. ದಿನವೂ ಸಿಗುವುದರಿಂದ ನಮಗೆ ಇದರ ಬೆಲೆ ತಿಳಿಯುವುದಿಲ್ಲ, ಅಷ್ಟೆ. ಪಟ್ಟಣದಿಂದ ಬಂದವರಿಗೆ ದಾರಿಯ ಎರಡೂ ಬದಿ ಬರೀ ಹಸಿರು. ನಿಮಗಾದರೋ ಅದು ನಾಟಿಯಾಗಿ ಎಷ್ಟು ದಿನದ ಭತ್ತ, ಗೊಬ್ಬರ ಸಾಲದೆ ಹಳದಿಯಾಗಿದೆಯೋ ನೀರು ನಿಂತು ಹಳದಿಯಾಗಿದೆಯೋ ಎಂಬುದು ಗಾಡಿಯ ಮೇಲಿಂದಲೇ ಗೊತ್ತಾಗುತ್ತದೆ.

ನೀರಿನ ಜಾಡು ಹಿಡಿದು ಒಂದು ಪಯಣ

ಸುಗ್ಗಿ ಮುಗಿದ ಮೇಲೆ ಒಂದು ದಿನ ಬಿಡುವು ಮಾಡಿಕೊಳ್ಳಿ. ಜೀಪೋ ಕಾರೋ ಇದ್ದರೆ ಮನೆಯವರನ್ನು ಕೂರಿಸಿಕೊಂಡು, ಬುತ್ತಿ ಕಟ್ಟಿಕೊಂಡು ದೂರ ಹೋಗಿಬನ್ನಿ. ಉದಾಹರಣೆಗೆ ದಾವಣಗೆರೆಯಿಂದ ಹರಿಹರ, ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿಯ ಮೇಲೆ ಆಗುಂಬೆಯ ದಾರಿಯನ್ನೇ ನೋಡೋಣ.

ದಾವಣಗೆರೆಯ ಸೀಮೆಯಲ್ಲಿ ಭದ್ರಾ ನಾಲೆ ಹರಿದ ಕಡೆ ಭತ್ತ, ಮಳೆ ನಂಬಿದ ಕಡೆ ಮೆಕ್ಕೆಜೋಳ. ಹರಿಹರದಲ್ಲಿ ತುಂಗಭದ್ರೆ ಎದುರಾಗುತ್ತಾಳೆ. 13ನೇ ಶತಮಾನದ ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯಕ್ಕೆ ಕೈ ಮುಗಿದು ಮುಂದೆ ಹೊರಟರೆ ಹೊನ್ನಾಳಿ ಕಡೆ ಅಡಿಕೆ ತೋಟಗಳು ಕಣ್ಣಿಗೆ ಬೀಳುತ್ತವೆ. ಶಿವಮೊಗ್ಗದ ಸಮೀಪದ ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುತ್ತವೆ. ಅಲ್ಲಿಂದ ಮೇಲಕ್ಕೆ ನೀವು ಬರೀ ತುಂಗೆಯ ಜೊತೆಗಾರರು. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಳೆಗಾಲದಲ್ಲಿ ನಡುಗಡ್ಡೆಯ ಮರಗಳ ತುಂಬ ಹಕ್ಕಿ ಗೂಡು ಕಟ್ಟುವ ಮಂಡಗದ್ದೆ, ಎಲ್ಲವೂ ಇದೇ ರಸ್ತೆಯ ಮೇಲೆ ಸಿಗುತ್ತವೆ.

ಮಣ್ಣಿನ ಬಣ್ಣ ಬದಲಾಗುತ್ತದೆ, ಮನೆಗಳ ಮೇಲೆ ಇಳಿಜಾರು ಹಂಚು ಬರುತ್ತದೆ, ಗಾಳಿ ತಂಪಾಗುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ನಿಂತು ಮಕ್ಕಳಿಗೆ ಒಂದು ಮಾತು ಹೇಳಿ. ನಮ್ಮ ಗದ್ದೆಗೆ ನೀರು ಕೊಡುವ ಭದ್ರೆಯೂ ನಾವು ದಾರಿಯುದ್ದಕ್ಕೂ ಕಂಡ ತುಂಗೆಯೂ ಹುಟ್ಟುವುದು ಇದೇ ಪಶ್ಚಿಮ ಘಟ್ಟದ ಸಾಲಿನ ಗಂಗಾಮೂಲದಲ್ಲಿ. ಇಲ್ಲಿ ಕಾಡು ಉಳಿದರೆ ಅಲ್ಲಿ ನಾಲೆ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಆಗದ ಮನವರಿಕೆ ಒಂದು ದಿನದ ಪಯಣದಲ್ಲಿ ಆಗುತ್ತದೆ.

ದಾರಿಯ ಕಿಲೋಮೀಟರ್ ಕಲ್ಲುಗಳನ್ನೂ ಮಕ್ಕಳಿಗೆ ತೋರಿಸಿ. ತಲೆಗೆ ಹಳದಿ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಕಿತ್ತಳೆ ಬಣ್ಣವಿದ್ದರೆ 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ.

ಘಟ್ಟ ಇಳಿಯುವ ಮುನ್ನ

ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಇಳಿಯಲು 14 ಕಡಿದಾದ ತಿರುವುಗಳಿವೆ. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬರುವುದುಂಟು, ವಿಚಾರಿಸಿಕೊಂಡೇ ಹೊರಡಿ. ಏರುವಾಗ ಯಾವ ಗೇರು ಬೇಕಾಗುತ್ತದೆಯೋ ಇಳಿಯುವಾಗಲೂ ಅದೇ ಗೇರು ಇರಲಿ. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಿ ಜಾರಲು ಬಿಡಬೇಡಿ. ಆಗ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಬ್ರೇಕು ಕಾದು ಹಿಡಿತ ತಪ್ಪುತ್ತದೆ. ಕಿರಿದಾದ ಜಾಗದಲ್ಲಿ ಏರಿ ಬರುವ ಗಾಡಿಗೆ ಮೊದಲ ದಾರಿ. ಇಳಿಯುವವರು ನಿಂತು ಬಿಟ್ಟುಕೊಡಬೇಕು. ಇದು ಕಾನೂನೂ ಹೌದು, ಮರ್ಯಾದೆಯೂ ಹೌದು.

ರಸ್ತೆ ಕಣವಲ್ಲ

ಇನ್ನು ಸ್ವಲ್ಪ ಕಹಿ ಮಾತು. ಇಂಥ ಪಯಣದಿಂದ ಕತ್ತಲಾದ ಮೇಲೆ ಮರಳುವ ಸಂಸಾರವೊಂದು ನಿಮ್ಮ ಊರ ಬಳಿಯೇ ಅಪಾಯಕ್ಕೆ ಸಿಲುಕಬಹುದು. ಅದಕ್ಕೆ ಕಾರಣ ನಾವೇ ಆಗಿರಬಹುದು.

ಕೂಲಿಯಾಳು ಸಿಗುವುದಿಲ್ಲ, ಸಗಣಿ ಸಾರಿಸಿದ ಕಣಗಳು ಮಾಯವಾದವು, ರೋಣಗಲ್ಲು ಬೇಲಿ ಬದಿಗೆ ಸೇರಿತು. ಆದ್ದರಿಂದ ರಾಗಿ, ಹುರುಳಿ ಎಲ್ಲವೂ ಡಾಂಬರು ರಸ್ತೆಗೆ ಬಂದವು. ಕಷ್ಟ ನಿಜ. ಆದರೆ ಹುರುಳಿ ಕಾಳಿನ ಮೇಲೆ ಮೋಟಾರ್ ಸೈಕಲ್ಲಿನ ಚಕ್ರ ನಿಲ್ಲುವುದಿಲ್ಲ. ದಪ್ಪಗೆ ಹರಡಿದ ಹುಲ್ಲು ಕಾರಿನ ಅಡಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿ ಹೊತ್ತಿಕೊಳ್ಳಬಹುದು. ಒಕ್ಕಲು ಕೆಲಸದಲ್ಲಿ ಬಗ್ಗಿರುವ ಹೆಣ್ಣುಮಕ್ಕಳ ಬೆನ್ನ ಹಿಂದೆಯೇ ಲಾರಿ ಹಾಯುತ್ತದೆ. ಇಷ್ಟಾದ ಮೇಲೂ ಲಾಭವೆಷ್ಟು? ಕಾಳು ಒಡೆಯುತ್ತದೆ, ಕಲ್ಲು ಮಣ್ಣು ಎಣ್ಣೆಜಿಡ್ಡು ಬೆರೆಯುತ್ತವೆ, ಮಂಡಿಯಲ್ಲಿ ದರ ಇಳಿಯುತ್ತದೆ.

ನಾಲ್ಕೈದು ಮನೆಯವರು ಸೇರಿ ಒಕ್ಕಣೆ ಯಂತ್ರ ಬಾಡಿಗೆಗೆ ತನ್ನಿ. ಹತ್ತಿರದಲ್ಲಿ ಕೃಷಿ ಯಂತ್ರಧಾರೆ ಕೇಂದ್ರವಿದ್ದರೆ ಅಲ್ಲಿ ಕೇಳಿ. ಊರಿಗೊಂದು ಸಾಮೂಹಿಕ ಕಣ ಬೇಕೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ.

ಟ್ರ್ಯಾಕ್ಟರ್ ಇರುವವರು ಗಮನಿಸಬೇಕಾದ್ದು

ಒಂದು: ಟ್ರ್ಯಾಕ್ಟರಿಗೆ ಎಡ ಬಲ ಎರಡು ಬ್ರೇಕ್ ಪೆಡಲ್ ಇಟ್ಟಿರುವುದು ಹೊಲದಲ್ಲಿ ಕಡಿಮೆ ಜಾಗದಲ್ಲಿ ತಿರುಗಲಿಕ್ಕೆ. ರಸ್ತೆಗೆ ಬಂದ ಕೂಡಲೇ ಎರಡನ್ನೂ ಕೂಡಿಸುವ ಕೊಂಡಿ ಹಾಕಿ. ಹಾಕದೆ ವೇಗದಲ್ಲಿ ಒಂದನ್ನೇ ತುಳಿದರೆ ಒಂದು ಬದಿಯ ಚಕ್ರ ಮಾತ್ರ ಹಿಡಿದು ಟ್ರ್ಯಾಕ್ಟರ್ ಮಗುಚಬಹುದು.

ಎರಡು: ಟ್ರೇಲರಿನ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ಹೊಳಪಿನ ಪಟ್ಟಿ ಅಂಟಿಸಿ. ಮಣ್ಣು ಮೆತ್ತಿದರೆ ಒರೆಸಿ. ಕಬ್ಬು, ಹುಲ್ಲು ಹೇರಿದಾಗ ಪಟ್ಟಿ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಎತ್ತಿನ ಗಾಡಿಗೂ ಇದೇ ಮಾತು. ಹಿಂದಿನಿಂದ ಬರುವವನಿಗೆ ಕತ್ತಲಲ್ಲಿ ನಿಮ್ಮ ಗಾಡಿ ಕಾಣುವುದೇ ಈ ಪಟ್ಟಿಯಿಂದ.

ಮೂರು: ಪಂಕ್ಚರ್ ಆದಾಗ ಚಕ್ರಕ್ಕೆ ಒತ್ತು ಕೊಟ್ಟ ಕಲ್ಲನ್ನು ಹೊರಡುವಾಗ ಎತ್ತಿ ಬದಿಗೆಸೆಯಿರಿ. ನಡುರಸ್ತೆಯಲ್ಲಿ ಬಿಟ್ಟ ಆ ಒಂದು ಕಲ್ಲು ರಾತ್ರಿ ಒಂದು ಜೀವ ತೆಗೆಯಬಲ್ಲದು.

ನಾಲ್ಕು: ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸಬೇಡಿ, ಮಗುವನ್ನಂತೂ ಬೇಡವೇ ಬೇಡ. ಕೆಸರುಗದ್ದೆಯ ಕಬ್ಬಿಣದ ಚಕ್ರವನ್ನು ಡಾಂಬರಿನ ಮೇಲೆ ಓಡಿಸಬೇಡಿ.

ನೆರಳು ನೆಟ್ಟವರು

ಬುತ್ತಿ ಬಿಚ್ಚಲು ನೀವು ಹುಡುಕುವುದು ಮರದ ನೆರಳನ್ನು. ಅದನ್ನು ಯಾರೋ ಒಬ್ಬರು ನೆಟ್ಟು ನೀರೆರೆದಿರುತ್ತಾರೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಹಾಗೂ ಅವರ ಪತಿ ಚಿಕ್ಕಯ್ಯ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಅವರು ದಾರಿಯನ್ನು ತಮ್ಮದೆಂದುಕೊಂಡರು, ನೆರಳು ಎಲ್ಲರದಾಯಿತು.

ನಾವು ಅಷ್ಟು ಮಾಡಲಾಗದಿದ್ದರೂ, ನಮ್ಮ ಹೊಲದ ಮುಂದೆ ಹಾಯುವ ರಸ್ತೆಯನ್ನು ಮನೆಯಂಗಳದಂತೆ ಜೋಪಾನ ಮಾಡಬಹುದು. ನಾಳೆ ಗಾಡಿ ಹೊರಡಿಸುವ ಮುನ್ನ ಒಮ್ಮೆ ಹಿಂದಕ್ಕೆ ಹೋಗಿ ಕೆಂಪು ಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಮಂಡಿಯಿಂದ ಮರಳುವಾಗ ಮೊದಲು ಅದನ್ನು ಕೊಂಡುತನ್ನಿ.