ಬ್ರೇಕ್ ಆಯಿಲನ್ನು ಬದಲಾಯಿಸತಕ್ಕದ್ದೆ?

ಮನೆಮನೆಗೂ ಮೋಟಾರು ಬಂದಿರುವ ಈ ಕಾಲದಲ್ಲಿ ಗೃಹಸ್ಥನು ತಿಳಿದುಕೊಂಡಿರಬೇಕಾದ ಸಂಗತಿಗಳ ಸಾಲಿಗೆ ಹೊಸದೊಂದು ಸೇರಿಕೊಂಡಿದೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದನ್ನು ‘ಬ್ರೇಕ್ ಆಯಿಲ್’ ಎಂದು ಕರೆಯುತ್ತಾರೆ. ಎಂಜಿನ್ನಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಬೇಕೆಂಬುದನ್ನು ಎಲ್ಲರೂ ಬಲ್ಲರು. ಟೈರು ಸವೆದರೆ ಕಣ್ಣಿಗೇ ಕಾಣುತ್ತದೆ. ಈ ದ್ರವದ ವಿಷಯದಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮತ. ದೊಡ್ಡ ಸರ್ವೀಸ್ ಸ್ಟೇಷನ್ನಿನವರು ಕೇಳುವ ಮೊದಲೇ ಬಿಲ್ಲಿನಲ್ಲಿ ಅದನ್ನು ಸೇರಿಸುತ್ತಾರೆ. ಬೀದಿಯ ಮೆಕ್ಯಾನಿಕ್ಕು ಬಾನೆಟ್ಟನ್ನು ಎತ್ತಿ, ಪುಟ್ಟ ಡಬ್ಬಿಯನ್ನು ಬೆರಳಿನಿಂದ ತಟ್ಟಿ, “ತುಂಬೈತಲ್ಲ ಮೇಷ್ಟ್ರೇ, ಸುಮ್ನೆ ಯಾಕೆ ದುಡ್ಡು ದಂಡ ಮಾಡ್ತೀರಿ?” ಎನ್ನುತ್ತಾನೆ. ನಾನು ಒಂಬತ್ತು ವರ್ಷಗಳ ಕಾಲ ಈ ಎರಡನೆಯವನ ಮಾತನ್ನೇ ಪ್ರಮಾಣವೆಂದು ನಂಬಿದ್ದೆನು. ಅದು ನನ್ನ ಲೋಭಕ್ಕೆ ಅನುಕೂಲವಾಗಿದ್ದುದೇ ಆ ನಂಬಿಕೆಗೆ ಮುಖ್ಯ ಕಾರಣವೆಂದು ಈಗ ಒಪ್ಪಿಕೊಳ್ಳುತ್ತೇನೆ.

ನಂದಿ ಬೆಟ್ಟವು ಚಿಕ್ಕಬಳ್ಳಾಪುರದ ಜಿಲ್ಲೆಗೆ ಸೇರಿದ್ದರೂ ದೇವನಹಳ್ಳಿ, ದೊಡ್ಡಬಳ್ಳಾಪುರಗಳವರಿಗೆ ಮನೆಯ ಹಿತ್ತಿಲಿನಷ್ಟೇ ಹತ್ತಿರ. ಊರಿಗೆ ನೆಂಟರು ಬಂದರೆ ಅಲ್ಲಿಗೆ ಕರೆದೊಯ್ಯದೆ ಕಳುಹಿಸುವುದು ಮರ್ಯಾದೆಯಲ್ಲ. ಮೂರು ವರ್ಷಗಳ ಹಿಂದೆ ಕಾರ್ತಿಕ ಮಾಸದಲ್ಲಿ ಮಗಳೂ ಮೊಮ್ಮಗಳೂ ಬಂದಿದ್ದಾಗ ನಾವು ನಾಲ್ವರು ಬೆಳಗಿನ ಜಾವದಲ್ಲಿ ಬೆಟ್ಟಕ್ಕೆ ಹೋದೆವು. ಮಂಜನ್ನು ನೋಡಿದ್ದಾಯಿತು, ಟಿಪ್ಪುವಿನ ಹೆಸರಿನ ಕಡಿದಾದ ಬಂಡೆಯಿಂದ ಕೆಳಗಿಣಿಕಿ ಮೊಮ್ಮಗಳು ಬೆದರಿದ್ದಾಯಿತು. ಹಿಂದಿರುಗುವಾಗ ನಾನು ಮೂರನೆಯ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲನ್ನು ಊರಿದವನು ತೆಗೆಯದೆ, ತಿರುವಿನ ಮೇಲೆ ತಿರುವನ್ನು ಇಳಿಸಿಕೊಂಡು ಬಂದೆನು. ಇಳಿಜಾರು ಇನ್ನೂ ಸ್ವಲ್ಪ ಉಳಿದಿರುವಾಗ ಮುಸುಕಿನ ಜೋಳ ಸುಡುತ್ತಿದ್ದ ಒಂದು ಕಡೆ ಮೊಮ್ಮಗಳು ಹಟ ಹಿಡಿದಳು. ನಿಲ್ಲಿಸಿದೆವು. ಹತ್ತು ನಿಮಿಷಗಳ ನಂತರ ಮತ್ತೆ ಹೊರಟು ಮುಂದಿನ ತಿರುವಿನಲ್ಲಿ ಬ್ರೇಕನ್ನು ಒತ್ತಿದರೆ ಪೆಡಲು, ಬೆಣ್ಣೆಯಲ್ಲಿ ಬೆರಳಿಟ್ಟಂತೆ, ನೆಲದವರೆಗೂ ಇಳಿದುಹೋಯಿತು. ಕಾರು ನಿಲ್ಲಲಿಲ್ಲ.

ಆ ಕ್ಷಣದಲ್ಲಿ ನನಗೆ ಬುದ್ಧಿ ಕೊಟ್ಟವಳು ಮಗಳು. “ಅಪ್ಪಾ, ಗೇರು ಇಳಿಸಿ! ಹ್ಯಾಂಡ್ ಬ್ರೇಕು!” ಎಂದು ಕೂಗಿದಳು. ಎರಡನೆಯ ಗೇರು, ಬಳಿಕ ಮೊದಲನೆಯದು. ಹ್ಯಾಂಡ್ ಬ್ರೇಕನ್ನು ಮೆಲ್ಲಮೆಲ್ಲಗೆ ಎಳೆದುದಾಯಿತು. ಕೊನೆಗೆ ಬೆಟ್ಟದ ಕಡೆಯ ಮಣ್ಣಿನ ದಿಬ್ಬಕ್ಕೆ ಮುಂಬದಿಯ ಚಕ್ರವನ್ನು ಒರಗಿಸಿ ನಿಂತೆವು. ಯಾರಿಗೂ ಪೆಟ್ಟಾಗಲಿಲ್ಲ. ವಿಚಿತ್ರವೇನೆಂದರೆ, ಮುಕ್ಕಾಲು ಗಂಟೆ ಕಳೆದ ಮೇಲೆ ಪೆಡಲನ್ನು ಒತ್ತಿ ನೋಡಿದರೆ ಅದು ಹಿಂದಿನಂತೆಯೇ ಗಟ್ಟಿಯಾಗಿತ್ತು! ಮರುದಿನ ಗ್ಯಾರೇಜಿಗೆ ಹೋದಾಗ, “ಬ್ರೇಕು ಚೆನ್ನಾಗೇ ಐತೆ, ನಿಮಗೇ ಗಾಬರಿ ಆಗಿರಬೇಕು” ಎಂಬ ತೀರ್ಪು ಬಂದಿತು. ಅಪರಾಧವು ನಡೆದಿತ್ತು, ಸಾಕ್ಷಿಯು ಮಾತ್ರ ತಣ್ಣಗಾಗಿ ಮಾಯವಾಗಿತ್ತು.

ಆ ಸಾಕ್ಷಿಯನ್ನು ಹುಡುಕುತ್ತ ಹೋದಾಗ ನಾನು ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇನೆ.

ಕಾಲು ಒತ್ತಿದ ಬಲವು ಚಕ್ರವನ್ನು ತಲಪುವುದು ಸರಪಳಿಯಿಂದಲೂ ಅಲ್ಲ, ಸರಳಿನಿಂದಲೂ ಅಲ್ಲ. ಪೆಡಲಿನ ಹಿಂದೆ ಮಾಸ್ಟರ್ ಸಿಲಿಂಡರೆಂಬ ಒಂದು ಕೊಳವೆಯುಂಟು. ಅದರಿಂದ ನಾಲ್ಕು ಚಕ್ರಗಳಿಗೂ ಸಣ್ಣ ನಾಳಗಳು ಹೋಗಿವೆ. ಅವುಗಳಲ್ಲಿ ದ್ರವವು ಒಂದಿಷ್ಟೂ ತೆರಪಿಲ್ಲದೆ ತುಂಬಿಕೊಂಡಿರುತ್ತದೆ. ಮುಚ್ಚಿದ ಪಾತ್ರೆಯಲ್ಲಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ನಿಯಮವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲನು ಸ್ಥಾಪಿಸಿದನು. ಹೈಸ್ಕೂಲಿನ ಮಕ್ಕಳೂ ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಇದನ್ನು ನಾಲ್ಕು ಚಕ್ರಗಳ ಬ್ರೇಕಿಗೆ ಅಳವಡಿಸಿ ಮಾರಾಟಕ್ಕೆ ಬಂದ ಮೊದಲ ಕಾರು ಅಮೆರಿಕದ ಡ್ಯೂಸೆನ್‌ಬರ್ಗ್ ಕಂಪನಿಯದು, 1921ರಲ್ಲಿ. ಉಪಾಯವು ಮಾಲ್ಕಂ ಲಾಕ್‌ಹೀಡನದು. ಇವನೂ ಇವನ ತಮ್ಮನೂ ಅದಕ್ಕೆ ಮೊದಲು ವಿಮಾನ ಕಟ್ಟುತ್ತಿದ್ದವರು. ಯಲಹಂಕದ ವಿಮಾನಪ್ರದರ್ಶನವನ್ನು ನೋಡಿದವರಿಗೆ ಆ ಮನೆತನದ ಹೆಸರು ಅಪರಿಚಿತವಲ್ಲ.

ಆ ಕಾಲದಲ್ಲಿ ನಾಳಗಳಲ್ಲಿ ತುಂಬುತ್ತಿದ್ದುದು ಏನೆಂದು ಊಹಿಸಬಲ್ಲಿರಾ? ನಮ್ಮ ಅಜ್ಜಿಯರು ಮಕ್ಕಳ ನೆತ್ತಿಗೆ ಒತ್ತುತ್ತಿದ್ದ ಹರಳೆಣ್ಣೆಯನ್ನೇ ಮದ್ಯಸಾರದೊಡನೆ ಬೆರಸಿ ಉಪಯೋಗಿಸುತ್ತಿದ್ದರು. ರಬ್ಬರಿಗೆ ಅದು ಅಪಾಯ ಮಾಡುತ್ತಿರಲಿಲ್ಲ. ‘ಆಯಿಲ್’ ಎಂಬ ಹೆಸರು ಆಗ ಸಾರ್ಥಕವಾಗಿಯೇ ಇತ್ತು. ಈಗಿನ ದ್ರವವಾದರೋ ಗ್ಲೈಕಾಲ್ ಎಂಬ ರಾಸಾಯನಿಕ ಕುಲಕ್ಕೆ ಸೇರಿದ್ದು. ಎಣ್ಣೆಯ ಅಂಶ ಅದರಲ್ಲಿ ಇಲ್ಲ. ಹೆಸರನ್ನು ನಂಬಿ ಯಾರಾದರೂ ಎಂಜಿನ್ನಿನ ಎಣ್ಣೆಯನ್ನು ಆ ಡಬ್ಬಿಗೆ ಹೊಯ್ದರೆ ಒಳಗಿನ ರಬ್ಬರು ಊದಿಕೊಂಡು ಇಡೀ ಬ್ರೇಕಿನ ವ್ಯವಸ್ಥೆಯೇ ಕೆಡುತ್ತದೆ. ಹೆಸರು ರೂಢಿಯಲ್ಲಿ ಉಳಿಯುತ್ತದೆ, ಪದಾರ್ಥ ಬದಲಾಗುತ್ತದೆ. ವ್ಯಾಕರಣವನ್ನು ಓದಿದವರಿಗೆ ಇದು ಹೊಸದಲ್ಲ.

ಈ ಹೊಸ ದ್ರವದ ಸ್ವಭಾವವನ್ನು ತಿಳಿಯಬೇಕಾದರೆ ಅಡಿಗೆಮನೆಗೆ ಹೋಗಬೇಕು. ಆಷಾಢದಲ್ಲಿ ಉಪ್ಪಿನ ಜಾಡಿಯ ಮುಚ್ಚಳವನ್ನು ಸರಿಯಾಗಿ ಹಾಕದಿದ್ದರೆ ಏನಾಗುತ್ತದೆಂಬುದನ್ನು ಸೋದರಿಯರಿಗೆ ನಾನು ಹೇಳಬೇಕಾಗಿಲ್ಲ. ಬೆಲ್ಲದ ಅಚ್ಚೂ ಹಾಗೆಯೇ ಬೆವರುತ್ತದೆ. ಬ್ರೇಕಿನ ದ್ರವವೂ ಅಂತಹುದೇ. ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಬ್ಬಿಯ ಮುಚ್ಚಳದಲ್ಲಿ ಗಾಳಿಯಾಡಲು ಇಟ್ಟಿರುವ ಸಂದಿನಿಂದಲೂ, ಚಕ್ರದ ಬಳಿಯ ರಬ್ಬರ್ ನಾಳಗಳ ಮೈಯಿಂದಲೇ ಒಸರಿಯೂ ತೇವವು ಒಳಸೇರುತ್ತದೆ. ಕಾರು ಓಡಿದರೂ ಸೇರುತ್ತದೆ, ಮನೆಯ ಮುಂದೆ ಬಟ್ಟೆ ಹೊದಿಸಿ ನಿಲ್ಲಿಸಿದ್ದರೂ ಸೇರುತ್ತದೆ.

ಹಾಗಾದರೆ ತೇವವನ್ನು ಹೀರದ ದ್ರವವನ್ನು ಏಕೆ ಮಾಡಬಾರದು ಎಂದು ಕೇಳಬಹುದು. ಸಿಲಿಕೋನಿನ ಅಂತಹ ದ್ರವವೂ ಉಂಟು. ಡಬ್ಬಿಯ ಮೇಲೆ ‘ಡಾಟ್ 5’ ಎಂದಿರುತ್ತದೆ. ಅದರಲ್ಲಿ ನೀರು ಬೆರೆಯದಿರುವುದರಿಂದ ಒಳಗೆ ಬಂದ ಹನಿಗಳು ತಗ್ಗಿನ ಜಾಗಕ್ಕೆ, ಎಂದರೆ ಚಕ್ರದ ಬಳಿಗೇ, ಹೋಗಿ ಕೂಡುತ್ತವೆ. ಬಿಸಿಯಾಗುವ ಸ್ಥಳವೂ ಅದೇ, ತುಕ್ಕು ಹಿಡಿಯುವ ಸ್ಥಳವೂ ಅದೇ. ಗ್ಲೈಕಾಲಿನ ದ್ರವವು ನೀರನ್ನು ತನ್ನ ಮೈಯಲ್ಲೆಲ್ಲ ಹಂಚಿಕೊಂಡು ಆ ಹನಿಗಳನ್ನು ಒಂದೆಡೆ ಸೇರಗೊಡುವುದಿಲ್ಲ. ಆದ್ದರಿಂದ ಹೀರುವುದು ಅದರ ದೋಷವೂ ಹೌದು, ಗುಣವೂ ಹೌದು. ಈ ಎರಡು ಕುಲಗಳನ್ನು ಎಂದಿಗೂ ಬೆರಸಕೂಡದು.

ಈಗ ಲೆಕ್ಕವನ್ನು ನೋಡೋಣ. ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವುದು ‘ಡಾಟ್ 3’ ಅಥವಾ ‘ಡಾಟ್ 4’. ಹೊಸದಾಗಿದ್ದಾಗ ಮೊದಲನೆಯದು 205 ಡಿಗ್ರಿ ಸೆಂಟಿಗ್ರೇಡಿಗೂ ಎರಡನೆಯದು 230 ಡಿಗ್ರಿಗೂ ಕಡಮೆಯಾಗಿ ಕುದಿಯಕೂಡದೆಂದು ನಿಯಮವಿದೆ. ನೂರಕ್ಕೆ 3.7 ಭಾಗ ನೀರು ಸೇರಿದಾಗ ಈ ಮಿತಿಗಳು ಅನುಕ್ರಮವಾಗಿ 140ಕ್ಕೂ 155ಕ್ಕೂ ಇಳಿಯುತ್ತವೆ. ಒಂದು ಲೋಟದಲ್ಲಿ ಒಂದು ಚಮಚೆಯಷ್ಟೂ ಆಗದ ನೀರಿನಿಂದ 75 ಡಿಗ್ರಿಗಳ ಸಾಮರ್ಥ್ಯ ನಷ್ಟವಾಗಬಹುದೆಂದು ಅರ್ಥ.

ಬೆಟ್ಟವನ್ನು ಇಳಿಯುವಾಗ ಎಷ್ಟು ಶಾಖ ಹುಟ್ಟುತ್ತದೆ? ನಂದಿಯ ಎತ್ತರ 1478 ಮೀಟರ್. ಬುಡದಿಂದ ಏರುವುದು ಸುಮಾರು 500 ಮೀಟರ್ ಎಂದಿಟ್ಟುಕೊಳ್ಳೋಣ. ಜನಸಹಿತವಾಗಿ 1200 ಕಿಲೋ ತೂಗುವ ಕಾರು ಅಷ್ಟನ್ನು ಇಳಿದರೆ ಹೊರಬೀಳುವ ಶಕ್ತಿಯು, 20 ಡಿಗ್ರಿಯಲ್ಲಿರುವ 17 ಲೀಟರ್ ನೀರನ್ನು 100 ಡಿಗ್ರಿಗೆ ಏರಿಸಲು ಸಾಕು. ಒಂದು ದೊಡ್ಡ ತಪ್ಪಲೆಯ ತುಂಬ ಸ್ನಾನದ ನೀರು! ಗಾಳಿಯೂ ರಸ್ತೆಯೂ ಅದರಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೂ ದೊಡ್ಡ ಪಾಲನ್ನು ಹೊರುತ್ತದೆ. ನನ್ನಂತೆ ಮೂರನೆಯ ಗೇರಿನಲ್ಲಿ ಇಳಿದವನು ಹೆಚ್ಚಿನ ಹೊರೆಯನ್ನು ಅಂಗೈಯಗಲದ ಬ್ರೇಕ್ ಪ್ಯಾಡುಗಳ ಮೇಲೆ ಹೇರುತ್ತಾನೆ.

ಜೋಳಕ್ಕೆಂದು ನಿಂತುದೇ ನಮ್ಮನ್ನು ಕೆಡಿಸಿತೆಂಬುದು ನನಗೆ ಆಮೇಲೆ ಹೊಳೆಯಿತು. ಕಾರು ಓಡುತ್ತಿರುವಾಗ ಬೀಸುವ ಗಾಳಿಯು ಡಿಸ್ಕನ್ನು ತಣಿಸುತ್ತದೆ. ನಿಂತೊಡನೆ ಗಾಳಿ ನಿಲ್ಲುತ್ತದೆ. ಡಿಸ್ಕಿನ ಕಾವು ಮೆಲ್ಲಗೆ ಪ್ಯಾಡಿಗೂ ಅಲ್ಲಿಂದ ಅದರ ಹಿಂದಿರುವ ದ್ರವಕ್ಕೂ ಹರಿಯುತ್ತದೆ. ಒತ್ತಡವಿಲ್ಲದೆ ಸುಮ್ಮನಿರುವ, ಒಂಬತ್ತು ವರ್ಷ ತೇವ ಕುಡಿದ ದ್ರವವು ಆಗ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆವಿಯು ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಹಿಸುಕುವುದರಲ್ಲೇ ವ್ಯಯವಾಗಿ ಚಕ್ರಕ್ಕೆ ಏನೂ ತಲಪುವುದಿಲ್ಲ. ತಣ್ಣಗಾದರೆ ಆವಿಯು ಮತ್ತೆ ದ್ರವವಾಗುತ್ತದೆ, ಪೆಡಲು ಗಟ್ಟಿಯಾಗುತ್ತದೆ, ಮೆಕ್ಯಾನಿಕ್ಕಿಗೆ ಏನೂ ಕಾಣುವುದಿಲ್ಲ. ಹ್ಯಾಂಡ್ ಬ್ರೇಕು ನಮ್ಮನ್ನು ಉಳಿಸಿದುದಕ್ಕೆ ಕಾರಣ, ನನ್ನ ಕಾರಿನಂತಹ ಹಲವು ಕಾರುಗಳಲ್ಲಿ ಅದು ಉಕ್ಕಿನ ತಂತಿಯಿಂದ ಎಳೆಯುವಂಥದು. ದ್ರವದ ಹಂಗು ಅದಕ್ಕಿಲ್ಲ. ಪೆಡಲನ್ನು ಬಿಟ್ಟು ಬಿಟ್ಟು ವೇಗವಾಗಿ ಒತ್ತಿದ್ದರೆ ಸ್ವಲ್ಪ ಬಲ ಬರುವ ಸಂಭವವೂ ಇತ್ತಂತೆ. ಅದು ನನಗೆ ಆಗ ತಿಳಿಯದು.

“ತುಂಬೈತಲ್ಲ” ಎಂದವನು ಸುಳ್ಳಾಡಿದನೆ? ಇಲ್ಲ. ಅವನ ಅನುಭವ ದೊಡ್ಡಬಳ್ಳಾಪುರದಿಂದ ಯಲಹಂಕಕ್ಕೂ ಹೊಸಕೋಟೆಯ ಸಂತೆಗೂ ಹೋಗಿಬರುವ ಗಾಡಿಗಳದು. ಸಮತಟ್ಟಾದ ಆ ಓಡಾಟದಲ್ಲಿ ದ್ರವವು ಕುದಿಯುವ ಹಂತದ ಸಮೀಪಕ್ಕೂ ಹೋಗುವುದಿಲ್ಲ. ಹತ್ತು ವರ್ಷದ ಹಳೆಯ ದ್ರವವೂ ಬ್ರೇಕನ್ನು ಹಿಡಿಯುತ್ತದೆ. ಆದರೆ ಅದೇ ಗೃಹಸ್ಥನು ವರ್ಷಕ್ಕೊಂದು ಸಲ ನೆಲಮಂಗಲದ ಮಾರ್ಗವಾಗಿ ಹಾಸನವನ್ನು ದಾಟಿ, ಶಿರಾಡಿಯ ಘಾಟಿಯನ್ನಿಳಿದು, ಸಂಸಾರಸಮೇತನಾಗಿ ಸುಬ್ರಹ್ಮಣ್ಯ ಧರ್ಮಸ್ಥಳಗಳಿಗೆ ಹೋಗುತ್ತಾನೆ. ದಿನದಿನದ ಓಟದಲ್ಲಿ ಯಾವ ಲಕ್ಷಣವನ್ನೂ ತೋರದ ದೋಷವು ಆ ಒಂದು ದಿನಕ್ಕಾಗಿ ಕಾದಿರುತ್ತದೆ. ಆದಕಾರಣ ಈ ದ್ರವವನ್ನು ರೋಗಲಕ್ಷಣ ನೋಡಿ ಬದಲಾಯಿಸುತ್ತೇನೆಂದರೆ ಆಗುವುದಿಲ್ಲ. ಪಂಚಾಂಗ ನೋಡಿಯೇ ಬದಲಾಯಿಸಬೇಕು.

ಎಷ್ಟು ಕಾಲಕ್ಕೆ? ತಯಾರಕರ ಪುಸ್ತಕಗಳಲ್ಲಿ ಎರಡು ವರ್ಷವೆಂದಿರುವುದೇ ಹೆಚ್ಚು. ಮೂರು ವರ್ಷವೆಂದಿರುವುದೂ ಉಂಟು. ನಿಮ್ಮ ಕಾರಿನ ಪುಸ್ತಕ ಹೇಳಿದುದೇ ಪ್ರಮಾಣ. ಪುಸ್ತಕ ಕಳೆದಿದ್ದರೆ ಎರಡು ವರ್ಷವೆಂದು ಇಟ್ಟುಕೊಳ್ಳಿರಿ, ಕಿಲೋಮೀಟರು ಎಷ್ಟೇ ಕಡಮೆಯಾಗಿರಲಿ. ಹಳೆಯ ಕಾರನ್ನು ಕೊಂಡವರು, ಹಿಂದಿನ ಯಜಮಾನನು ಏನೇ ಆಣೆಯಿಟ್ಟರೂ, ಕೊಂಡ ವಾರದಲ್ಲೇ ಬದಲಾಯಿಸುವುದು ಕ್ಷೇಮ. ಪ್ರತಿವರ್ಷವೂ ಬದಲಾಯಿಸಿ ಎನ್ನುವವರ ಮಾತು ಬರಿಯ ವ್ಯಾಪಾರವೆಂದು ನನ್ನ ಮತ. ಸಂದೇಹವಿದ್ದರೆ ತೇವಾಂಶವನ್ನು ತೋರಿಸುವ ಲೇಖನಿಯಂತಹ ಉಪಕರಣಗಳುಂಟು. ದ್ರವವನ್ನು ಕಾಯಿಸಿ ಕುದಿಯುವ ಶಾಖವನ್ನೇ ಅಳೆಯುವ ಯಂತ್ರ ಅದಕ್ಕಿಂತ ಮೇಲು. ಬಣ್ಣವನ್ನು ಮಾತ್ರ ನಂಬಬೇಡಿರಿ. ಕಪ್ಪಾದುದು ಹಳೆಯದೆಂಬುದು ಬಹುಮಟ್ಟಿಗೆ ನಿಜ. ತಿಳಿಯಾಗಿರುವುದು ಒಳ್ಳೆಯದೆಂಬುದು ನಿಜವಲ್ಲ.

ಡಬ್ಬಿಯಲ್ಲಿ ಮಟ್ಟ ತಗ್ಗಿತೆಂದು ಮೇಲೆ ಹೊಯ್ಯುವುದು ಬದಲಾಯಿಸಿದಂತಾಗುವುದಿಲ್ಲ. ಕೊಳೆತ ಬಾವಿಗೆ ಒಂದು ಕೊಡ ಹೊಳೆಯ ನೀರನ್ನು ಸುರಿದಂತೆ ಅಷ್ಟೇ. ಪ್ಯಾಡು ಸವೆದಂತೆ ಮಟ್ಟವು ನಿಧಾನವಾಗಿ ಇಳಿಯುವುದು ಸಹಜ. ಇದ್ದಕ್ಕಿದ್ದಂತೆ ಇಳಿದರೆ ಎಲ್ಲೋ ಸೋರುತ್ತಿದೆಯೆಂದು ತಿಳಿದು ಕಾರನ್ನು ಹೊರಡಿಸಬಾರದು. ನಿಜವಾಗಿ ಬದಲಾಯಿಸುವುದೆಂದರೆ ನಾಲ್ಕು ಚಕ್ರಗಳ ಬಳಿಯೂ ಹಳೆಯದನ್ನು ಹೊರಡಿಸಿ, ಹೊಸದು ತಿಳಿಯಾಗಿ ಬರುವವರೆಗೆ ಬಿಟ್ಟು, ಒಂದು ಗುಳ್ಳೆಯೂ ಉಳಿಯದಂತೆ ಮಾಡುವುದು. ಕೆಲಸ ನಡೆಯುವಾಗ ಎದುರಿಗೆ ನಿಂತು ನೋಡಿರಿ. ಸೀಸೆಯ ಸೀಲನ್ನು ನಿಮ್ಮ ಮುಂದೆಯೇ ಒಡೆಯಬೇಕು. ತೆರೆದಿಟ್ಟ ಅರೆಸೀಸೆಯು ಉಪ್ಪಿನ ಜಾಡಿಯ ಗತಿಯನ್ನೇ ಹೊಂದಿರುತ್ತದೆ. ಖರ್ಚು ಒಂದು ಟೈರಿನ ಬೆಲೆಯ ಅಲ್ಪಭಾಗ.

ಇನ್ನು ಎರಡು ಮಾತು. 2019ರ ಏಪ್ರಿಲಿನಿಂದ ಹೊಸ ಕಾರುಗಳಲ್ಲೂ 125 ಸಿಸಿಗೆ ಮೇಲ್ಪಟ್ಟ ಹೊಸ ಬೈಕುಗಳಲ್ಲೂ ಎಬಿಎಸ್ ಕಡ್ಡಾಯವಾಗಿದೆ. ಅದರ ಸೂಕ್ಷ್ಮವಾದ ಕವಾಟಗಳೊಳಗೆ ಹರಿಯುವುದೂ ಇದೇ ದ್ರವ. ತೇವದಿಂದ ಅವು ತುಕ್ಕು ಹಿಡಿದರೆ ರಿಪೇರಿಯ ಬಿಲ್ಲು ದ್ರವದ ಬೆಲೆಯ ಎಷ್ಟೋ ಪಾಲು ಹೆಚ್ಚು. ಭಾನುವಾರದ ನಸುಕಿನಲ್ಲಿ ಗುಂಪುಗುಂಪಾಗಿ ನಂದಿಗೆ ಹೋಗುವ ಹುಡುಗರ ಬೈಕುಗಳ ಹಿಡಿಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ಪುಟ್ಟ ಡಬ್ಬಿಯಿರುತ್ತದೆ, ಅದರಲ್ಲಿರುವುದೂ ಇದೇ. ಅದನ್ನು ತೆರೆದು ನೋಡಿದ ಹುಡುಗನು ನನಗೆ ಇದುವರೆಗೆ ಸಿಕ್ಕಿಲ್ಲ.

ಗೊರಗೊರನೆ ಗಾಳಿಯ ಬ್ರೇಕಿನಿಂದ ನಿಲ್ಲುವ ದೊಡ್ಡ ಬಸ್ಸು ಲಾರಿಗಳಿಗೆ ಈ ಚಿಂತೆಯಿಲ್ಲ. ಅವುಗಳ ಚಿಂತೆ ಬೇರೆ.

ನನ್ನ ಕಾರಿನ ದ್ರವವನ್ನು ಕೊನೆಗೆ ಮತ್ತೊಬ್ಬ ಮೆಕ್ಯಾನಿಕ್ಕು ಬದಲಾಯಿಸಿದನು. ಹಿಂದಿನ ಚಕ್ರದಿಂದ ಮೊದಲು ಹೊರಬಂದುದು ಕಾಫಿಯ ಗಸಿಯ ಬಣ್ಣದಲ್ಲಿತ್ತು. “ಎಷ್ಟು ವರ್ಷ ಆಗಿತ್ತು ಮೇಷ್ಟ್ರೇ?” ಎಂದನು. ಹೇಳಿದೆನು. ಅವನು ಏನೂ ಅನ್ನದೆ ತಲೆ ಬಗ್ಗಿಸಿಕೊಂಡು ಕೆಲಸ ಮುಂದುವರಿಸಿದನು. ಬಾನೆಟ್ಟಿನ ಒಳಬದಿಯಲ್ಲಿ ತಾರೀಖನ್ನು ಬಿಳಿಯ ಬಣ್ಣದಲ್ಲಿ ಬರೆಸಿಕೊಂಡೆನು. ಸೀಸೆಯಲ್ಲಿ ಸ್ವಲ್ಪ ಉಳಿದಿತ್ತು. “ತಗೊಂಡು ಹೋಗಿ, ಬೇಕಾಗ್ತದೆ” ಎಂದು ಮುಂದೆ ಹಿಡಿದನು. ಅದು ಬಣ್ಣವನ್ನು ತಿನ್ನುವ, ಹೊಟ್ಟೆಗೆ ಹೋದರೆ ವಿಷವಾಗುವ ವಸ್ತು; ಮನೆಯಲ್ಲಿ ಮಗುವಿದೆ, ಅಂಗಳದಲ್ಲಿ ನಾಯಿಯಿದೆ. ಬೇಡವೆಂದು ಅಲ್ಲಿಯೇ ಬಿಟ್ಟು ಬಂದೆನು.